ಊರಿಗೆ ಬಿಡುವು, ನಮಗೆ ದುಡಿಮೆ

ಮದುವೆಯ ಮನೆಯಲ್ಲಿ ಓಲಗದವರನ್ನು ನೀವು ಗಮನಿಸಿರಬಹುದು. ಬಂದವರೆಲ್ಲ ಉಂಡು, ಎಲೆ ಅಡಿಕೆ ಹಾಕಿಕೊಂಡು, ಚಾಪೆಯ ಮೇಲೆ ಮೈ ಚೆಲ್ಲಿದ ಮೇಲೆ ಅವರು ಎಲೆಯ ಮುಂದೆ ಕೂರುತ್ತಾರೆ. ನಾನೂ ಆ ಪಂಕ್ತಿಗೆ ಸೇರಿದವನೇ. ಓಲಗ ಊದುವುದಿಲ್ಲ, ಮಕ್ಕಳನ್ನು ಆಡಿಸುತ್ತೇನೆ. ಬೇಸಗೆಯ ಶಿಬಿರ, ಶಾಲೆಯ ಪ್ರವಾಸ, ಬಡಾವಣೆಯ ಆಟೋಟ, ಹಿರಿಯರ ಸಂಜೆಕೂಟ, ಇವನ್ನು ನಡೆಸಿಕೊಡುವುದೇ ನನ್ನ ಹೊಟ್ಟೆಪಾಡು. "ಆಡಿಸುವುದಕ್ಕೂ ದುಡ್ಡೇ? ಪುಣ್ಯವಂತರು ಬಿಡಿ ನೀವು!" ಎಂದು ನೆರೆಮನೆಯವರು ನಗುತ್ತಾರೆ. ನಾನೂ ನಗುತ್ತೇನೆ. ನಗುವುದು ನನ್ನ ಕೆಲಸದ ಒಂದು ಭಾಗ.

ಈ ನಗೆಯ ವಿಷಯವಾಗಿ ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹೊಕ್‌ಶೀಲ್ಡ್ ಅವರು 1983ರಲ್ಲಿ ಒಂದು ಗ್ರಂಥವನ್ನೇ ಬರೆದರು. ವಿಮಾನದ ಪರಿಚಾರಿಕೆಯರ ಕೆಲಸವನ್ನು ಅಭ್ಯಸಿಸಿ, ಸಂಬಳಕ್ಕಾಗಿ ಮುಖದ ಮೇಲೆ ತಂದುಕೊಳ್ಳುವ ಪ್ರಸನ್ನತೆಯೂ ದುಡಿಮೆಯೇ ಎಂದು ತೋರಿಸಿಕೊಟ್ಟರು. ಮೂಟೆ ಹೊತ್ತವನ ಬೆನ್ನು ನೋಯುವುದನ್ನು ಎಲ್ಲರೂ ಬಲ್ಲರು. ದಿನವೆಲ್ಲ ನಗೆಯನ್ನು ಹೊತ್ತವನ ಆಯಾಸ ಅವನಿಗೇ ತಡವಾಗಿ ತಿಳಿಯುತ್ತದೆ. ನನಗೆ ಅದು ಹೇಗೆ ತಿಳಿಯಿತೆಂಬುದನ್ನು ಈ ಹೊತ್ತು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಆ ಬೇಸಗೆಯಲ್ಲಿ ಒಂದು ಶಿಬಿರವನ್ನು ಒಪ್ಪಿಕೊಂಡಿದ್ದೆ. ಅದು ನಡೆಯುತ್ತಿರುವಾಗಲೇ ಇನ್ನೊಬ್ಬರು ಬಂದು, "ಸಂಜೆ ಒಂದೇ ಒಂದು ಗಂಟೆ ಸಾರ್" ಎಂದರು. ಒಪ್ಪಿದೆ. ಮತ್ತೊಬ್ಬರು ಭಾನುವಾರಗಳನ್ನು ಕೇಳಿದರು. ಅದಕ್ಕೂ ಒಪ್ಪಿದೆ. ಪ್ರತಿಯೊಂದು ಕೋರಿಕೆಯೂ ಬಿಡಿಯಾಗಿ ನೋಡಿದರೆ ಚಿಕ್ಕದು. ಆದರೆ ಒಂದು ಗಂಟೆಯ ಆಟದ ಹಿಂದೆ ಮೈದಾನವನ್ನು ನೋಡಿಬರುವುದು, ಚೆಂಡು ಹಗ್ಗಗಳನ್ನು ಎಣಿಸಿಡುವುದು, ಕುಡಿಯುವ ನೀರು, ಗಾಯಕ್ಕೆ ಔಷಧ, ರಾತ್ರಿ ಹತ್ತರ ತನಕ ತಾಯಂದಿರ ಫೋನು, ಇಷ್ಟೂ ಇರುತ್ತವೆ. ಈ ಹೊತ್ತನ್ನು ಯಾರೂ ಕೇಳುವುದಿಲ್ಲ, ನಾನೂ ಲೆಕ್ಕ ಹಿಡಿದಿರಲಿಲ್ಲ.

ಆ ದಿನಗಳಲ್ಲೇ ಒಂದು ರಾತ್ರಿ ನನ್ನ ಮಗಳು ಬಳಿಗೆ ಬಂದು, "ಅಪ್ಪಾ, ನಾನೂ ದುಡ್ಡು ಕಟ್ಟಿ ನಿನ್ನ ಶಿಬಿರಕ್ಕೆ ಸೇರಿದರೆ ನನ್ನ ಜೊತೆಯೂ ಆಡ್ತೀಯಾ?" ಎಂದು ಕೇಳಿದಳು. ತಮಾಷೆಯೆಂದು ನಕ್ಕುಬಿಟ್ಟೆ. ಅವಳು ನಗಲಿಲ್ಲ.

ಆ ವಾರ ಮಕ್ಕಳನ್ನು ಮೈಸೂರಿನಿಂದ ಕಾವೇರಿಯ ದಂಡೆಗೆ, ಬಲಮುರಿಗೆ, ಕರೆದುಕೊಂಡು ಹೋಗಿದ್ದೆವು. ನಲವತ್ತೆರಡು ಮಕ್ಕಳು. ಹಿಂದಿನ ಮೂರು ರಾತ್ರಿ ನನಗೆ ಸರಿಯಾದ ನಿದ್ರೆಯಿರಲಿಲ್ಲ. ಹೊರಡುವಾಗ ಬಸ್ಸಿನಲ್ಲಿ ಎಣಿಸಿದೆ: ನಲವತ್ತೊಂದು. ಮತ್ತೆ ಎಣಿಸಿದೆ: ನಲವತ್ತೆರಡು. ಎರಡನೆಯದೇ ಸರಿಯಿರಬೇಕೆಂದುಕೊಂಡು, "ಹೊರಡಿ" ಎಂದುಬಿಟ್ಟೆ. ಬಸ್ಸು ಅಲುಗಿತು. ಆಗ ಹಿಂದಿನ ಸೀಟಿನಿಂದ ಒಬ್ಬಳು ಹುಡುಗಿ, "ಅಂಕಲ್, ನನ್ನ ಪಕ್ಕದಲ್ಲಿ ಕೂತಿದ್ದವನು ಎಲ್ಲಿ?" ಎಂದಳು.

ಹೊಂಗೆಯ ಮರದ ಕೆಳಗೆ, ಚೀಲಕ್ಕೆ ತಲೆಕೊಟ್ಟು, ಆ ಹುಡುಗ ನಿದ್ರೆ ಮಾಡುತ್ತಿದ್ದ. ನೀರಿಗೆ ಇಪ್ಪತ್ತು ಹೆಜ್ಜೆ. ಏನೂ ಆಗಲಿಲ್ಲ. ಆದರೆ ಅಂದು ರಾತ್ರಿ ನನಗೆ ಕಣ್ಣು ಮುಚ್ಚಲಾಗಲಿಲ್ಲ.

2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕೆಲಸದ ದಣಿವು ಮಿತಿಮೀರಿದ ಸ್ಥಿತಿಗೆ ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿಯೆಲ್ಲ ಬಸಿದುಹೋದಂತಾಗುವುದು, ತನ್ನ ಕೆಲಸವೇ ತನಗೆ ದೂರವಾಗಿ ಬೇಸರ ಹುಟ್ಟುವುದು, ಕೆಲಸದ ಪಟುತ್ವ ಕುಗ್ಗುವುದು. ಇದನ್ನು ಅದು ಕಾಯಿಲೆಯೆಂದು ಕರೆಯಲಿಲ್ಲ. ಕೆಲಸದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಹೋದುದರ ಫಲವೆಂದಿತು. ಮೂರು ಲಕ್ಷಣವೂ ನನ್ನಲ್ಲಿದ್ದುವು. ತಾಳಿಕೊಂಡಷ್ಟೂ ಕರ್ತವ್ಯನಿಷ್ಠೆ ಎಂದು ನಾನು ಭ್ರಮಿಸಿದ್ದೆ.

ಶಿಬಿರ ಮುಗಿಸಿ, ಉಡುಪಿಯ ಕಡೆ ಇರುವ ಅಕ್ಕನ ಮನೆಗೆ ನಾಲ್ಕು ದಿನ ಹೋದೆ. ಅಲ್ಲಿ ರಾತ್ರಿಯಿಡೀ ನಡೆಯುವ ಯಕ್ಷಗಾನ ಬಯಲಾಟವಿತ್ತು. ಭಾವನವರು ನನ್ನನ್ನು ಚೌಕಿಗೆ, ಎಂದರೆ ವೇಷ ಕಟ್ಟುವ ಮನೆಗೆ, ಕರೆದೊಯ್ದರು. ರಂಗದಲ್ಲಿ ಚೆಂಡೆ ಮೊಳಗುತ್ತಿದೆ, ಎಳೆಯ ಕಲಾವಿದರು ಕುಣಿಯುತ್ತಿದ್ದಾರೆ. ಇಲ್ಲಿ ಹೆಸರಾಂತ ವೇಷಧಾರಿಯೊಬ್ಬರು ಹೊದ್ದು ಮಲಗಿದ್ದಾರೆ! ಎಚ್ಚರವಾದಾಗ ಕೇಳಿದೆ. "ನನ್ನ ವೇಷ ಹನ್ನೆರಡರ ಮೇಲೆ. ಈಗಲೂ ನಾನೇ ಎದ್ದು ಕೂತರೆ ಆಗ ಕುಣಿಯುವುದು ಯಾರು ಮಾರಾಯ್ರೆ?" ಎಂದರು.

ಎಂಥ ಮಾತು! ಇಡೀ ರಾತ್ರಿ ಆಟ ನಡೆಯುವುದು ಒಬ್ಬನೇ ಇಡೀ ರಾತ್ರಿ ಕುಣಿಯುವುದರಿಂದಲ್ಲ. ಮೊದಲು ಬಾಲಗೋಪಾಲರು, ಆಮೇಲೆ ಕಿರಿಯರು, ನಡುರಾತ್ರಿಯ ನಂತರ ಹಿರಿಯರು, ಹೀಗೆ ಹೊರೆ ಹಂಚಿದೆ. ವರ್ಷಕ್ಕೂ ಒಂದು ಅಂಕೆಯುಂಟು. ದೀಪಾವಳಿಯ ಆಚೆಗೆ ಹೊರಡುವ ಮೇಳಗಳು ತುಳುವರ ಬೇಶ ತಿಂಗಳ ಹತ್ತನೆಯ ದಿನ, ಪತ್ತನಾಜೆಯಂದು, ಎಂದರೆ ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ, ಗೆಜ್ಜೆ ಬಿಚ್ಚುತ್ತವೆ. ಕಲಾವಿದರ ಬದುಕು ಸುಖದ್ದೆಂದು ನಾನು ಹೇಳಲಾರೆ. ಮಳೆಗಾಲದಲ್ಲೂ ತಾಳಮದ್ದಳೆ, ಪರವೂರಿನ ಆಟ ಎಂದು ದುಡಿಯುವವರಿದ್ದಾರೆ. ಆದರೆ ಗೆಜ್ಜೆ ಕಟ್ಟುವುದಕ್ಕೆ ಒಂದು ದಿನವಿರುವಂತೆ ಬಿಚ್ಚುವುದಕ್ಕೂ ಒಂದು ದಿನವಿರಬೇಕೆಂಬ ವಿವೇಕವನ್ನು ನಾನು ಅಲ್ಲಿ ಕಲಿತೆ.

ಊರಿಗೆ ಮರಳಿ ನಾಲ್ಕು ನಿಯಮ ಮಾಡಿಕೊಂಡೆ. ಮೊದಲನೆಯದು, ಒಪ್ಪಿಕೊಂಡ ಕೆಲಸವೆಲ್ಲ ಒಂದೇ ಪುಸ್ತಕದಲ್ಲಿ; ಆಟದ ಹೊತ್ತಿನ ಪಕ್ಕದಲ್ಲೇ ಸಿದ್ಧತೆಯ ಹೊತ್ತನ್ನೂ ಬರೆಯುವುದು. ಎರಡನೆಯದು, ಯಾರು ಕೇಳಿದರೂ ನಿಂತ ನಿಲುವಿನಲ್ಲಿ ಒಪ್ಪದೆ, "ಪುಸ್ತಕ ನೋಡಿ ನಾಳೆ ತಿಳಿಸುತ್ತೇನೆ" ಎನ್ನುವುದು. ಮೂರನೆಯದು, ಆಡಿಸುವವನೇ ಎಣಿಸಬಾರದು. ಎಣಿಸುವುದಕ್ಕೆ ಬೇರೊಬ್ಬರು, ಹೆಸರು ಕೂಗಿಯೇ ಎಣಿಸಬೇಕು. ನಾಲ್ಕನೆಯದು, ಊರಿನ ಭಾನುವಾರ ನನಗಿಲ್ಲವಾದ್ದರಿಂದ ಮಂಗಳವಾರವೇ ನನ್ನ ಭಾನುವಾರ. ಆ ಸಂಜೆ ಮಗಳು ಶಾಲೆಯಿಂದ ಬರುವ ಹೊತ್ತಿಗೆ ನಾನು ಬಾಗಿಲಲ್ಲಿರುತ್ತೇನೆ.

ಇದಕ್ಕೆ ಬೆಲೆ ತೆರಲಿಲ್ಲವೆಂದಲ್ಲ. ಇಬ್ಬರು ಹಳೆಯ ಪರಿಚಿತರು ಬೇರೆಯವರನ್ನು ಹುಡುಕಿಕೊಂಡರು. ಆ ವರ್ಷ ವರಮಾನ ಇಳಿಯಿತು. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆಯನ್ನು ದುಡ್ಡಿಗೆ ಮಾತ್ರ ಹೇಳುತ್ತೇವೆ. ಅದು ಹೊತ್ತಿಗೂ ಸಲ್ಲುತ್ತದೆಂದು ಮನೆಯಾಕೆ ನನಗೆ ನೆನಪಿಸಿದಳು.

ಕೊನೆಯದಾಗಿ, ರೇಡಿಯೋದ ಮುಂದೆ ಕುಳಿತಿರುವ ನಿಮ್ಮಲ್ಲಿ ಒಂದು ವಿಜ್ಞಾಪನೆ. ಬರುವ ಬೇಸಗೆಗೆ ಮಕ್ಕಳನ್ನು ಶಿಬಿರಕ್ಕೆ ಸೇರಿಸುವಾಗ ಶುಲ್ಕವೆಷ್ಟು, ಆಟಗಳೇನು ಎಂದು ಕೇಳುತ್ತೀರಿ. ಜೊತೆಗೆ ಇನ್ನೊಂದು ಮಾತು ಕೇಳಿ: "ಮಕ್ಕಳನ್ನು ನೋಡಿಕೊಳ್ಳುವವರು ಎಷ್ಟು ಜನ? ಅವರಿಗೆ ವಾರದ ರಜೆ ಯಾವಾಗ?" ಅವರು ಬೇಸರಪಟ್ಟುಕೊಳ್ಳುವುದಿಲ್ಲ. ಯಾರೋ ಒಬ್ಬರು ಕೇಳಿದರಲ್ಲ ಎಂದು ಸಂತೋಷಪಟ್ಟಾರು. ನಿಮ್ಮ ಮಗುವನ್ನು ಎಣಿಸುವವನು ಚೆನ್ನಾಗಿ ನಿದ್ರೆ ಮಾಡಿರುವುದು ನಿಮಗೂ ಕ್ಷೇಮ.