ಆಪರೇಷನ್ನಿಗೆ ಮುಂಚೆ ಕೇಳೋಣ

(ರಜತ ಮಹೋತ್ಸವದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಂಘದಲ್ಲಿ ಸಾಲ ತೆಗೆಯುವಾಗ ನಾವು ಬಡ್ಡಿ ಎಷ್ಟು, ಕಂತು ಎಷ್ಟು ಅಂತ ನಾಲ್ಕು ಸಲ ಕೇಳುತ್ತೇವೆ. ಎಮ್ಮೆ ಕೊಳ್ಳುವಾಗ ಹಲ್ಲು ನೋಡುತ್ತೇವೆ, ಹಾಲು ಕರೆದು ನೋಡುತ್ತೇವೆ. ನಮ್ಮ ಮೈಗೇ ಕತ್ತಿ ತಾಗುವಾಗ ಮಾತ್ರ, "ದೊಡ್ಡ ಡಾಕ್ಟರು, ಅವರಿಗೆ ಗೊತ್ತಿರುತ್ತೆ ಬಿಡಿ" ಎಂದು ಹೆಬ್ಬೆಟ್ಟು ಒತ್ತಿಬಿಡುತ್ತೇವೆ.

ಹಾಗೆ ಒತ್ತದ ಒಬ್ಬ ಹೆಣ್ಣುಮಗಳ ಸಂಗತಿ ಹೇಳುತ್ತೇವೆ. ಅಮೆರಿಕದ ಪತ್ರಕರ್ತೆ ರೋಸ್ ಕುಶ್ನರ್ ಅವರಿಗೆ 1974ರಲ್ಲಿ ಸ್ತನದಲ್ಲಿ ಗಂಟು ಕಂಡಿತು. ಆಗ ಅಲ್ಲಿನ ರೂಢಿ ಹೀಗಿತ್ತು: ಅರಿವಳಿಕೆ ಕೊಟ್ಟು ಗಂಟಿನ ತುಣುಕು ಪರೀಕ್ಷಿಸುವುದು, ಕ್ಯಾನ್ಸರ್ ಎಂದು ಕಂಡರೆ ರೋಗಿಯನ್ನು ಎಬ್ಬಿಸಿ ಕೇಳದೆ ಆಗಲೇ ಸ್ತನ ತೆಗೆಯುವುದು. ಎಷ್ಟೋ ಸಲ ಎದೆಯ ಸ್ನಾಯುವೂ ಹೋಗುತ್ತಿತ್ತು. ಕುಶ್ನರ್ ವೈದ್ಯಕೀಯ ಗ್ರಂಥಗಳನ್ನು ಹುಡುಕಿ ಓದಿದರು. ಮೊದಲು ಪರೀಕ್ಷೆ ಮಾತ್ರ ಆಗಲಿ, ಮುಂದಿನದು ತಾವು ಎಚ್ಚರವಿದ್ದು ತೀರ್ಮಾನಿಸಬೇಕು ಎಂದು ಹಟ ಹಿಡಿದರು. ಅನೇಕ ಶಸ್ತ್ರವೈದ್ಯರು ಒಪ್ಪಲಿಲ್ಲ. ಕೊನೆಗೆ ಬಫೆಲೊ ನಗರದಲ್ಲಿ ಸ್ನಾಯು ಉಳಿಸಿ ಆಪರೇಷನ್ ಮಾಡುವವರು ಸಿಕ್ಕರು.

ಅವರು ಅಷ್ಟಕ್ಕೇ ಸುಮ್ಮನಾಗಲಿಲ್ಲ. 1975ರಲ್ಲಿ ಪುಸ್ತಕ ಬರೆದರು. 1979ರಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿಯಲ್ಲಿ ಡಾಕ್ಟರುಗಳ ಸಮಕ್ಕೆ ಕೂತರು. ಪರೀಕ್ಷೆ ಬೇರೆ, ಆಪರೇಷನ್ ಬೇರೆಯಾಗಿ ನಡೆಯಬೇಕೆಂದು ಸಮಿತಿ ಹೇಳಿತು. ಮುಂದೆ ಡಾ. ಬರ್ನಾರ್ಡ್ ಫಿಶರ್ ತಂಡ 1,851 ಮಹಿಳೆಯರನ್ನು 20 ವರ್ಷ ಗಮನಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿತು. ಸಣ್ಣ ಗಂಟಾದರೆ ಅದನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆ ಕೊಟ್ಟವರೂ ಸ್ತನವನ್ನೇ ತೆಗೆಸಿಕೊಂಡವರಷ್ಟೇ ಬದುಕಿದ್ದರು. ರೋಗಿ ಕೇಳಿದ ಪ್ರಶ್ನೆ ನ್ಯಾಯವಾಗಿಯೇ ಇತ್ತು.

ಇದು ದೂರದ ಮಾತಾಯಿತು ಅನ್ನಬೇಡಿ. ನಮ್ಮ ದೆಹಲಿಯಲ್ಲೇ 1995ರಲ್ಲಿ ಒಬ್ಬ ಮಹಿಳೆ ಹೊಟ್ಟೆಯೊಳಗೆ ನಳಿಕೆ ಹಾಕಿ ತಪಾಸಣೆ ಮಾಡಲು ಒಪ್ಪಿದ್ದರು. ಅವರು ಅರಿವಳಿಕೆಯಲ್ಲಿದ್ದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆಯಲಾಯಿತು. 2008ರ ಜನವರಿ 16ರಂದು ಸುಪ್ರೀಂ ಕೋರ್ಟು ಇದು ಸಲ್ಲದು ಎಂದಿತು. ತಪಾಸಣೆಗೆ ಕೊಟ್ಟ ಒಪ್ಪಿಗೆ ಆಪರೇಷನ್ನಿಗೆ ಆಗದು. ಜೀವಕ್ಕೆ ತುರ್ತು ಅಪಾಯವಿಲ್ಲದಾಗ ಪ್ರಾಯದ ರೋಗಿಯ ಪರವಾಗಿ ಬೇರೆಯವರು ಒಪ್ಪಿದರೆ ಸಾಲದು.

ಆದಕಾರಣ ಹೆಬ್ಬೆಟ್ಟು ಒತ್ತುವ ಮುಂಚೆ ಐದು ಮಾತು ಕೇಳೋಣ. ಕಾಯಿಲೆ ಏನು? ಈ ಆಪರೇಷನ್ ಯಾಕೆ? ಬೇರೆ ದಾರಿ ಇದೆಯೇ? ಅಪಾಯ ಏನು? ಸ್ವಲ್ಪ ದಿನ ಕಾದರೆ ಏನಾದೀತು? ಉತ್ತರ ಬರೆದುಕೊಳ್ಳಲು ಓದುಬರಹ ಬಲ್ಲ ಮಗನನ್ನೋ ಸೊಸೆಯನ್ನೋ ಕರೆದೊಯ್ಯೋಣ. ಮನಸ್ಸು ಒಪ್ಪದಿದ್ದರೆ ಇನ್ನೊಬ್ಬ ಡಾಕ್ಟರಿಗೆ ತೋರಿಸೋಣ. ನುಂಗುತ್ತಿರುವ ಮಾತ್ರೆ, ಮೈಗೆ ಒಗ್ಗದ ಔಷಧಿ, ಹಳೆಯ ಚೀಟಿ ಎಲ್ಲ ಮುಂದಿಡೋಣ. ನಾವು ಹೇಳದೆ ಡಾಕ್ಟರಿಗಾದರೂ ಹೇಗೆ ತಿಳಿಯಬೇಕು? ಅಪಘಾತ, ರಕ್ತಸ್ರಾವ ಇದ್ದಾಗ ಮಾತ್ರ ಹೊತ್ತು ಕಳೆಯಬಾರದು.

ಒಳ್ಳೆಯ ಡಾಕ್ಟರು ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಖರ್ಚಿಗೆ ಯಶಸ್ವಿನಿ ಕಾರ್ಡು ಆದೀತು. ಕೇಳುವುದಕ್ಕೆ ನಮ್ಮ ಬಾಯೇ ಆಗಬೇಕು. ಸಂಘದ ಸಭೆಯಲ್ಲಿ ಲೆಕ್ಕ ಕೇಳಿ ಕಲಿತವರು ನಾವು, ಆಸ್ಪತ್ರೆಯಲ್ಲೂ ಕೇಳೋಣ.