ಮೀನಿನ ಮೈಯಲ್ಲಿ ಕೆರೆಯ ಸಾಕ್ಷ್ಯ



1870ರಲ್ಲಿ ನಿರ್ಮಿತವಾದ ನಮ್ಮ ಅಂಬಾಝರಿ ಕೆರೆಯ ಮೀನು ಏನನ್ನು ತಿಂದಿತೆಂಬುದಕ್ಕೆ ಅದರ ಮಾಂಸವೇ ಸಾಕ್ಷಿ. ಸಾರಜನಕಕ್ಕೆ 14 ಮತ್ತು 15 ಎಂಬ ಎರಡು ಸ್ಥಿರ ಐಸೊಟೋಪುಗಳಿವೆ. ಮೀನು ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ಹಗುರವಾದುದನ್ನೇ ಹೆಚ್ಚಾಗಿ ವಿಸರ್ಜಿಸುತ್ತದೆ. ಭಾರವಾದುದು ದೇಹದಲ್ಲಿ ಉಳಿಯುತ್ತದೆ. ಆದುದರಿಂದ ಆಹಾರ ಸರಪಳಿಯ ಪ್ರತಿ ಹಂತದಲ್ಲಿಯೂ ಭಾರ ಸಾರಜನಕದ ಅನುಪಾತ ಸಾಮಾನ್ಯವಾಗಿ ಸಾವಿರಕ್ಕೆ 3ರಿಂದ 4ರಷ್ಟು ಏರುತ್ತದೆ. ಸಣ್ಣ ಮೀನುಗಳನ್ನು ತಿನ್ನುವ ಮೀನಿನಲ್ಲಿ ಅದು ಅಧಿಕ. ಚರಂಡಿ ನೀರು ಸೇರಿದ ಕೆರೆಯಲ್ಲಿಯೂ ಅದು ಹೆಚ್ಚುವುದುಂಟು.

ಆದರೆ ಹಸಿದ ಮೀನು ತನ್ನ ಮಾಂಸವನ್ನೇ ಕರಗಿಸಿಕೊಂಡಾಗಲೂ ಅಂತಹುದೇ ಏರಿಕೆ ಕಾಣಬಹುದು. ಯಕೃತ್ತು ಇತ್ತೀಚಿನ ಆಹಾರವನ್ನೂ, ಸ್ನಾಯು ಹಲವು ತಿಂಗಳುಗಳ ಆಹಾರವನ್ನೂ ಸೂಚಿಸುತ್ತವೆ. ಆದಕಾರಣ, ಕೆರೆ ಕೆಟ್ಟಿತೆಂದು ತೀರ್ಮಾನಿಸುವ ಮುನ್ನ ಮೀನಿನ ಗಾತ್ರ, ತೂಕ, ಆರೋಗ್ಯಗಳನ್ನೂ ಪರೀಕ್ಷಿಸತಕ್ಕದ್ದು. ಸಾಕ್ಷ್ಯವನ್ನು ಸರಿಯಾಗಿ ಓದಿದರೆ ಮಾತ್ರ ಕೆರೆಯ ರಕ್ಷಣೆ ಸಾಧ್ಯ.