ಏರಿಸುವುದೂ ಇಳಿಸುವುದೂ

ಕೊಕ್ಕರ್ಣೆಯ ಕಡೆ ಮಳೆ ಹಿಡಿಯಿತೆಂದರೆ ವಿದ್ಯುತ್ತನ್ನು ನಂಬಿ ಯಾರೂ ದೊಡ್ಡ ಕೆಲಸಕ್ಕೆ ಕೈಹಾಕುವುದಿಲ್ಲ. ಎಲ್ಲೋ ಒಂದು ತೋಟದಲ್ಲಿ ತೆಂಗಿನ ಮಡಲು ತಂತಿಯ ಮೇಲೆ ಬಿದ್ದರೆ ಸಾಕು, ಊರಿಗೆ ಊರೇ ಕತ್ತಲೆ. ಹುಟ್ಟಿದಂದಿನಿಂದ ಇದನ್ನು ಬಲ್ಲ ನಾನು, ಆಸಾಡಿ ತಿಂಗಳ ಒಂದು ಮಧ್ಯಾಹ್ನ ಮಾಡಿದ ಅವಿವೇಕವನ್ನು ಮೊದಲು ನಿಮ್ಮ ಮುಂದಿಟ್ಟು, ಆಮೇಲೆ ವಿಷಯಕ್ಕೆ ಬರುತ್ತೇನೆ.

ಬೆಂಗಳೂರಿನಲ್ಲಿ ಸರ್ವರ್ ಯಂತ್ರಗಳ ನಡುವೆ ನನ್ನ ಉದ್ಯೋಗ. ರಜೆಯಲ್ಲಿ ಊರಿಗೆ ಬಂದಿದ್ದೆ. ಸಮೀಪದ ಒಂದು ಸಣ್ಣ ಸಂಸ್ಥೆಯ ವ್ಯವಸ್ಥಾಪಕರು ನನ್ನನ್ನು ಕರೆಸಿದರು. ಸದಸ್ಯರ ಠೇವಣಿ, ಸಾಲ ಇವುಗಳ ಲೆಕ್ಕವೆಲ್ಲ ಅಲ್ಲಿ ಒಂದೇ ಸರ್ವರಿನಲ್ಲಿತ್ತು. ಹಿಂದಿನ ಕೋಣೆಯಲ್ಲಿ ಗೋಣಿಚೀಲಗಳ ಪಕ್ಕದಲ್ಲಿ ಅದು ಗುಂಯ್‌ಗುಡುತ್ತಿತ್ತು. ಅದರ ಬಯಾಸ್‌ಗೆ ಹೊಸ ಆವೃತ್ತಿ ಬಂದಿದೆಯಂತೆ, ಹಾಕಬಹುದೇ ಎಂಬುದು ಅವರ ಪ್ರಶ್ನೆ. ಅದಕ್ಕೇನು, ಹತ್ತು ನಿಮಿಷದ ಕೆಲಸ ಎಂದೆ. ಅವರು ಒಂದೇ ಒಂದು ಮಾತು ಕೇಳಿದರು: "ಹ್ವಾಯ್, ಸಮ ಆಯ್ಲಿಲ್ಲ ಅಂದ್ರೆ ಹಿಂದ್ ಬಪ್ಪುಕ್ ಆತ್ತಾ?"

ನಾನು ನಕ್ಕೆ. ಆಗುತ್ತದೆ ಎಂದೆ.

ಹೊಸ ಆವೃತ್ತಿ ಅರ್ಧ ಬರೆದಾಗಿತ್ತು, ವಿದ್ಯುತ್ತು ಹೋಯಿತು. ಯುಪಿಎಸ್ ಕೂಗತೊಡಗಿತು. ಅದರ ಬ್ಯಾಟರಿಗೆ ಎಷ್ಟು ವರ್ಷವಾಯಿತೆಂದು ನಾನು ಕೇಳಿರಲೇ ಇಲ್ಲ. ಅರ್ಧ ಬರೆದ ಬಯಾಸ್ ಎಂದರೆ ಅರ್ಧ ಓದಿದ ಮಂತ್ರದ ಹಾಗೆ. ಯಂತ್ರ ಏಳುವುದೇ ಇಲ್ಲ. ಪುಣ್ಯಕ್ಕೆ ಬರವಣಿಗೆ ಮುಗಿಯಿತು, ಯಂತ್ರ ಎದ್ದಿತು. ಆದರೆ ಎದ್ದದ್ದು ತನ್ನೊಳಗಿನ ಡಿಸ್ಕುಗಳ ಗುರುತೇ ಇಲ್ಲದಂತೆ. ಮತ್ತೆರಡು ನಿಮಿಷಕ್ಕೆ ಯುಪಿಎಸ್ ಕೂಡ ಸೋತು ಎಲ್ಲವೂ ಮೌನವಾಯಿತು.

ಮೂರು ಗಂಟೆಯ ಹೊತ್ತಿಗೆ ಒಬ್ಬರು ವೃದ್ಧೆ ಹಣ ತೆಗೆಯಲು ಬಂದರು. ಮಗನನ್ನು ಮಣಿಪಾಲದ ಆಸ್ಪತ್ರೆಗೆ ಸೇರಿಸಿದ್ದರಂತೆ. ಪುಸ್ತಕವಿದೆ, ಹಣವಿದೆ, ಲೆಕ್ಕ ತೋರಿಸುವ ಯಂತ್ರವಿಲ್ಲ. ವ್ಯವಸ್ಥಾಪಕರು ತಮ್ಮ ಕಿಸೆಯಿಂದ ಒಂದಿಷ್ಟು ಕೊಟ್ಟು ಕಳುಹಿಸಿದರು. ನನ್ನ ಮುಖವನ್ನು ಅವರು ನೋಡಲಿಲ್ಲ, ನೋಡಿದ್ದರೆ ಒಳ್ಳೆಯದಿತ್ತು.

ಇನ್ನು ವಿಷಯಕ್ಕೆ ಬರೋಣ. ಗಣಕಯಂತ್ರದಲ್ಲಿ ಕಣ್ಣಿಗೆ ಕಾಣುವ ಭಾಗಗಳು ಹಾರ್ಡ್‌ವೇರ್. ಅವುಗಳ ಮೇಲೆ ನಡೆಯುವ ಕ್ರಮವಿಧಿಗಳು ಸಾಫ್ಟ್‌ವೇರ್. ಇವೆರಡರ ನಡುವೆ ಇನ್ನೊಂದಿದೆ. ಬೊಂಡವೂ ಅಲ್ಲ, ಬಲಿತ ಕಾಯಿಯೂ ಅಲ್ಲ, ಬನ್ನಂಗಾಯಿ ಎನ್ನುತ್ತೇವಲ್ಲ, ಅಂಥದು. ಅದಕ್ಕೆ ಫರ್ಮ್‌ವೇರ್ ಎಂಬ ಹೆಸರನ್ನು 1967ರಲ್ಲಿ ಆಶರ್ ಒಪ್ಲರ್ ಎಂಬವರು ಬಳಕೆಗೆ ತಂದರು. ಅವರು ಹೇಳಿದ್ದು ಸಂಸ್ಕಾರಕದ ಒಳಗಿನ ಸೂಕ್ಷ್ಮ ಆದೇಶಗಳನ್ನು ಕುರಿತು. ಇಂದು ಆ ಮಾತಿನ ಹರವು ದೊಡ್ಡದು. ಒಂದು ಸರ್ವರಿನಲ್ಲಿ ಬಯಾಸ್‌ಗೆ ಒಂದು ಫರ್ಮ್‌ವೇರ್, ಡಿಸ್ಕುಗಳನ್ನು ಜೋಡಿಸುವ ಕಾರ್ಡಿಗೆ ಒಂದು, ಜಾಲದ ಕಾರ್ಡಿಗೆ ಒಂದು, ಪ್ರತಿಯೊಂದು ಡಿಸ್ಕಿಗೂ ಒಂದೊಂದು. ಇಷ್ಟೂ ಸಾಲದೆ, ಯಂತ್ರ ಮಲಗಿದ್ದರೂ ಎಚ್ಚರವಿದ್ದು ಅದನ್ನು ದೂರದಿಂದ ಎಬ್ಬಿಸಬಲ್ಲ ಪುಟ್ಟ ಮೇಲ್ವಿಚಾರಕ ಗಣಕವೊಂದು ಒಳಗೇ ಕುಳಿತಿರುತ್ತದೆ. ಅದಕ್ಕೂ ತನ್ನದೇ ಫರ್ಮ್‌ವೇರ್.

ಹೊಸದು ಬಂದೊಡನೆ ಹಾಕಬೇಕೇ, ಕಾಯಬೇಕೇ? ಇಲ್ಲಿ ಜಾಣರೂ ಎಡವಿದ್ದಾರೆ. 2018ರ ಜನವರಿ 3ರಂದು ಸಂಸ್ಕಾರಕಗಳಲ್ಲಿ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ದೋಷಗಳಿವೆಯೆಂಬ ಸುದ್ದಿ ಲೋಕಕ್ಕೆಲ್ಲ ತಿಳಿಯಿತು. ಇಂಟೆಲ್ ಕಂಪೆನಿ ಅವಸರದಿಂದ ಪರಿಹಾರ ಕೊಟ್ಟಿತು. ಸರ್ವರ್ ತಯಾರಕರು ಅದನ್ನು ಬಯಾಸ್‌ನಲ್ಲಿ ಸೇರಿಸಿ ಹಂಚಿದರು. ಹಾಕಿಕೊಂಡ ಯಂತ್ರಗಳಲ್ಲಿ ಕೆಲವು ಹೇಳದೆ ಕೇಳದೆ ತಾವೇ ಆರಿ ಹೊತ್ತತೊಡಗಿದವು. ಅದೇ ತಿಂಗಳ 22ರಂದು, ಈ ಆವೃತ್ತಿಯನ್ನು ಹಾಕುವುದನ್ನು ನಿಲ್ಲಿಸಿ ಎಂದು ಇಂಟೆಲ್ ತಾನೇ ಸಾರಬೇಕಾಯಿತು. ಡೆಲ್ ಮೊದಲಾದ ತಯಾರಕರು ಹೊಸ ಬಯಾಸನ್ನು ಹಿಂತೆಗೆದುಕೊಂಡರು. ಈಗಾಗಲೇ ಹಾಕಿದ್ದವರು ಹಳೆಯದಕ್ಕೆ ಮರಳಿ ಎಂದು ಡೆಲ್ ಸಲಹೆಯಿತ್ತಿತು. ಮೂರು ವಾರ ಕಾದಿದ್ದ ಸೋಮಾರಿ ಬದುಕಿದ. ಮೊದಲ ದಿನವೇ ಓಡಿದವನು ಎರಡು ಸಲ ನಿದ್ದೆಗೆಟ್ಟ.

ಹಾಗಾದರೆ ಸೋಮಾರಿತನವೇ ಲೇಸೆಂದು ಕೈಕಟ್ಟಿ ಕೂರಬೇಡಿ. 2019ರ ನವೆಂಬರಿನಲ್ಲಿ ಎಚ್‌ಪಿಇ ಕಂಪೆನಿ ಒಂದು ವಿಚಿತ್ರ ಎಚ್ಚರಿಕೆಯನ್ನು ಪ್ರಕಟಿಸಿತು. ಅದರ ಕೆಲವು ಎಸ್‌ಎಸ್‌ಡಿ ಡಿಸ್ಕುಗಳು 32,768 ಗಂಟೆ ನಡೆದೊಡನೆ, ಅಂದರೆ 3 ವರ್ಷ 270 ದಿನ 8 ಗಂಟೆಗೆ ಸರಿಯಾಗಿ, ಸತ್ತುಹೋಗುವವು. ಡಿಸ್ಕೂ ಉಳಿಯದು, ಅದರೊಳಗಿನ ಮಾಹಿತಿಯೂ ಬಾರದು. ಇಷ್ಟೇ ಗಂಟೆ ಏಕೆ? ಎರಡನ್ನು ಎರಡರಿಂದ ಗುಣಿಸುತ್ತ ಹೋಗಿ, ಹದಿನೈದು ಎರಡುಗಳಿಗೆ ಈ ಸಂಖ್ಯೆ ಸಿಕ್ಕುತ್ತದೆ. ಕೂಡು–ಕಳೆ ಗುರುತಿಗೆ ಒಂದು ಮನೆ ಬಿಟ್ಟುಕೊಟ್ಟ ಹದಿನಾರು ಮನೆಯ ಎಣಿಕೆ 32,767ಕ್ಕೆ ತುಂಬಿಬಿಡುತ್ತದೆ. ಮುಂದಿನ ಗಂಟೆಗೆ ಜಾಗವಿಲ್ಲ. 2020ರಲ್ಲಿ ಇನ್ನೊಂದು ಬಗೆಯ ಡಿಸ್ಕುಗಳಿಗೆ 40,000 ಗಂಟೆಯ ಗಡುವು ಹೊರಬಿತ್ತು. ಎರಡಕ್ಕೂ ಇದ್ದ ಔಷಧ ಹೊಸ ಫರ್ಮ್‌ವೇರ್ ಒಂದೇ. ಒಂದು ಡಿಸ್ಕು ಕೆಟ್ಟರೆ ಇನ್ನೊಂದಿದೆ ಎಂಬ ಧೈರ್ಯವೂ ಇಲ್ಲಿ ಸಲ್ಲದು. ಒಂದೇ ದಿನ ಒಟ್ಟಿಗೆ ಕೆಲಸಕ್ಕೆ ಸೇರಿದ ಅವಳಿಗಳು ಒಂದೇ ಗಳಿಗೆಯಲ್ಲಿ ನಿವೃತ್ತಿ ಹೊಂದುತ್ತವೆ.

ಆದ್ದರಿಂದ ಹೊಸ ಆವೃತ್ತಿಯ ಜೊತೆಗೆ ಬರುವ ಟಿಪ್ಪಣಿಯನ್ನು ಓದದೆ ಯಾವ ತೀರ್ಮಾನಕ್ಕೂ ಬರಬಾರದೆಂಬುದು ನನ್ನ ಮತ. ಮಾಹಿತಿ ನಾಶವಾಗುವ ದೋಷ, ಕಳ್ಳರು ನುಗ್ಗುವ ದೋಷ ಇವುಗಳಿಗೆ ಕಾಯಬಾರದು. ಬರಿಯ ಅನುಕೂಲಕ್ಕೆ ಬಂದದ್ದಾದರೆ ಬೇರೆಯವರು ಹಾಕಿ ನೋಡಲಿ, ನಮಗೇನು ಅವಸರ? ಹತ್ತು ಯಂತ್ರಗಳಿದ್ದರೆ ಒಂದಕ್ಕೆ ಹಾಕಿ ಕೆಲವು ದಿನ ಕಾದು ನೋಡಿ. ಬಯಾಸ್, ಕಾರ್ಡು, ಡಿಸ್ಕು ಎಲ್ಲಕ್ಕೂ ಒಂದೇ ರಾತ್ರಿ ಕೈಹಚ್ಚಿದರೆ, ತೊಂದರೆ ಬಂದಾಗ ಯಾವುದನ್ನು ಇಳಿಸಬೇಕೆಂಬುದೇ ತಿಳಿಯುವುದಿಲ್ಲ.

ಇಳಿಸುವುದು ಯಾವಾಗಲೂ ಸಾಧ್ಯವೇ? ಕೆಲವು ಸರ್ವರುಗಳಲ್ಲಿ ಬಯಾಸ್‌ನ ಎರಡು ಪ್ರತಿಗಳಿರುತ್ತವೆ. ಕೆಲವುದರಲ್ಲಿ ಮೇಲ್ವಿಚಾರಕ ಗಣಕವೇ ಹಿಂದಿನ ಆವೃತ್ತಿಯನ್ನು ಜೋಪಾನವಾಗಿ ಇಟ್ಟಿರುತ್ತದೆ. ಅಲ್ಲಿ ಕೆಲಸ ಸುಲಭ. ಆದರೆ ಭದ್ರತೆಯ ಕೆಲವು ಆವೃತ್ತಿಗಳು ತಮಗಿಂತ ಹಳೆಯದನ್ನು ಒಳಗೆ ಬಿಡುವುದೇ ಇಲ್ಲ. ಮುಚ್ಚಿದ ತೂತನ್ನು, ಹಳೆಯದನ್ನು ಮತ್ತೆ ಹಾಕುವುದರ ಮೂಲಕ ಕಳ್ಳನೇ ತೆರೆದಾನು ಎಂಬ ಭಯ, ನ್ಯಾಯವಾದ ಭಯವೇ. ಡಿಸ್ಕಿನ ಕಾರ್ಡುಗಳಲ್ಲಿ ಇನ್ನೊಂದು ತೊಡಕುಂಟು. ಹೊಸ ಫರ್ಮ್‌ವೇರ್ ತನ್ನ ಗುರುತುಗಳನ್ನು ಡಿಸ್ಕಿನ ಮೇಲೆ ಹೊಸ ರೀತಿಯಲ್ಲಿ ಬರೆದುಬಿಟ್ಟರೆ, ಹಳೆಯದಕ್ಕೆ ಆ ಲಿಪಿ ಓದಲು ಬಾರದು. ಅಂದಮೇಲೆ ಮಾಹಿತಿಯ ಪ್ರತಿಯನ್ನು ಬೇರೆಡೆ ತೆಗೆದಿಡದೆ ಇಂಥ ಕಾರ್ಡನ್ನು ಮುಟ್ಟುವುದು ಹುಂಬತನ.

ಆ ಮಧ್ಯಾಹ್ನದ ಕಥೆ ಅರ್ಧಕ್ಕೆ ನಿಂತಿದೆ. ಸಂಜೆ ಏಳಕ್ಕೆ ವಿದ್ಯುತ್ತು ಬಂತು. ಮೇಲ್ವಿಚಾರಕ ಗಣಕದಲ್ಲಿ ಹಳೆಯ ಬಯಾಸ್ ಇತ್ತು; ಮರಳಿಸಿದೆ. ಗೆದ್ದೆನೆಂದುಕೊಂಡೆ. ಡಿಸ್ಕುಗಳು ಆಗಲೂ ಕಾಣಲಿಲ್ಲ! ಒಂದು ಗಂಟೆ ಬೆವರಿದ ಮೇಲೆ ಹೊಳೆಯಿತು: ಹೊಸ ಆವೃತ್ತಿ ಬಂದಾಗ ಬಯಾಸ್‌ನ ಆಯ್ಕೆಗಳೆಲ್ಲ ಕಾರ್ಖಾನೆಯಿಂದ ಬಂದ ಮೊದಲ ಸ್ಥಿತಿಗೆ ಹೋಗಿದ್ದವು, ಡಿಸ್ಕುಗಳನ್ನು ಜೋಡಿಯಾಗಿ ನೋಡಬೇಕೋ ಬಿಡಿಯಾಗಿ ನೋಡಬೇಕೋ ಎಂಬ ಆಯ್ಕೆಯೂ ಬದಲಾಗಿತ್ತು. ಇಳಿಸುವುದರಿಂದ ಹಳೆಯ ಕ್ರಮವಿಧಿ ಬಂದಿತೇ ಹೊರತು ಹಳೆಯ ಆಯ್ಕೆಗಳು ಬರಲಿಲ್ಲ. ಮೊದಲೇ ಅವನ್ನು ಒಂದು ಕಾಗದದಲ್ಲಿ ಬರೆದಿಟ್ಟಿದ್ದರೆ ಐದು ನಿಮಿಷದ ಕೆಲಸ. ಯಂತ್ರ ಎದ್ದಾಗ ರಾತ್ರಿ ಒಂಬತ್ತೂವರೆ. ಲೆಕ್ಕದಲ್ಲಿ ಒಂದು ಪೈಸೆಯೂ ಕೆಟ್ಟಿರಲಿಲ್ಲ.

ಮರುವರ್ಷ ಅಲ್ಲಿಗೆ ಹೋದೆ. ಯುಪಿಎಸ್‌ಗೆ ಹೊಸ ಬ್ಯಾಟರಿ ಬಂದಿತ್ತು. ಸರ್ವರಿನ ಮೇಲೆ ನೂಲು ಕಟ್ಟಿ ಒಂದು ಬರೆಹದ ಪುಸ್ತಕ ತೂಗುಹಾಕಿದ್ದರು. ಆಯ್ಕೆಗಳು, ಆವೃತ್ತಿಗಳು, ತಾರೀಕುಗಳು ಎಲ್ಲವೂ ವ್ಯವಸ್ಥಾಪಕರ ದುಂಡು ಅಕ್ಷರದಲ್ಲಿ. ಕಾಫಿ ತರಿಸಿದರು. ಆ ಅಮ್ಮನ ಮಗ ಗುಣವಾದನೆಂದೂ ಕಿಸೆಯ ಹಣ ಮರುದಿನವೇ ವಾಪಸು ಬಂತೆಂದೂ ಹೇಳಿದರು. ಆಮೇಲೆ ಕನ್ನಡಕ ಏರಿಸಿಕೊಂಡು ಪುಸ್ತಕದ ಖಾಲಿ ಗೆರೆಯೊಂದನ್ನು ತೋರಿಸಿ, ನಮ್ಮ ಡಿಸ್ಕಿಗೆ ಈಗ ಎಷ್ಟು ಗಂಟೆ ಆಯಿತೆಂದು ನೋಡಿಕೊಡಿ ಎಂದರು.